ಅಜ್ಜಿ ಹಾಕಿದ ಗುರುತು

ಅಂಗಡಿಯಿಂದ,
ಮಾರ್ಚ್ ಹದಿನಾಲ್ಕು, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಪುಟ್ಟೀ,

ಹೇಗಿದ್ದೀಯಮ್ಮ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ವಾರ್ಡಿನಲ್ಲಿ ದಿನವೆಲ್ಲ ನಿಂತೇ ಇದ್ದು ಕಾಲು ಬಾತುಕೊಳ್ಳುತ್ತದೆ ಅಂತ ನಿನ್ನ ಅಮ್ಮನಿಗೆ ಹೇಳಿದ್ದೆ, ಈಗ ಹೇಗಿದೆ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತಲ್ಲ ಅನ್ನಬೇಡ. ಈ ಎರಡು ತಿಂಗಳಲ್ಲಿ ನೀನು ಫೋನಿನಲ್ಲಿ ನನಗೆ ಹೇಳಿದ್ದು ಮೂರೇ ಮಾತು: ‘ಹೂಂ’, ‘ಸರಿ’, ‘ಇಡ್ಲಾ?’ ನಿನ್ನ ಅಮ್ಮನ ಹತ್ತಿರ ಮಾತ್ರ ಅರ್ಧ ಗಂಟೆ ಹರಟುತ್ತೀಯ. ನಾನು ಪಕ್ಕದಲ್ಲೇ ಕೂತು, ಪೇಪರು ಓದುವವನ ಹಾಗೆ ಮುಖ ಮಾಡಿಕೊಂಡು, ಎಲ್ಲ ಕೇಳಿಸಿಕೊಳ್ಳುತ್ತೇನೆ. ಇಲ್ಲಿ ನಾವು ಆರೋಗ್ಯ. ನನ್ನ ಬೆನ್ನುನೋವು ಇದ್ದಲ್ಲೇ ಇದೆ, ಎಲ್ಲಿಗೂ ಹೋಗುವ ಅಂದಾಜಿಲ್ಲ.

ನಮ್ಮ ಲಾಂಡ್ರಿ ಅಂಗಡಿಯ ಅವಸ್ಥೆ ಹೇಳುತ್ತೇನೆ ಕೇಳು. ನಿನ್ನ ಅಜ್ಜಿ ಹೋದ ಮೇಲೆ ನನಗೆ ಒಂದು ಬಟ್ಟೆಯ ತಲೆಬುಡವೂ ತಿಳಿಯುತ್ತಿಲ್ಲ. ನನ್ನ ಅಮ್ಮನಿಗೆ ಓದುಬರಹ ಬರುತ್ತಿರಲಿಲ್ಲ ನೋಡು, ಹಾಗಾಗಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಗುರುತು ಮಾಡಿಕೊಂಡು, ಕಾಲರಿನ ಒಳಗೋ ಸೊಂಟದ ಪಟ್ಟಿಯ ಒಳಗೋ ಕರಿ ಶಾಯಿಯಲ್ಲಿ ಹಾಕುತ್ತಿದ್ದಳು. ನಾನು ಕಲಿಯಲು ಹೋದರೆ, ‘ನೀನು ಇಸ್ತ್ರಿ ಕಡೆ ನೋಡು, ಅಂಗಿ ಸುಟ್ಟೀಯ’ ಅಂತ ಅಟ್ಟುತ್ತಿದ್ದಳು. ಐವತ್ತು ಮನೆಯ ಗುರುತು ಅವಳ ತಲೆಯಲ್ಲೇ ಇತ್ತು, ಅವಳ ಜೊತೆಗೇ ಹೋಯಿತು. ಮೊನ್ನೆ ಒಂದು ಪ್ಯಾಂಟಿನಲ್ಲಿ ಎರಡು ಸುತ್ತು ಕಂಡಿತು. ಕನ್ನಡಕ ಇರಬೇಕು, ಅಂದಮೇಲೆ ಮೇಷ್ಟ್ರದೇ ಅಂತ ಕೊಟ್ಟು ಕಳಿಸಿದೆ. ಅದು ಕನ್ನಡಕವಲ್ಲ, ಸೈಕಲ್ಲು. ರಿಪೇರಿ ಅಂಗಡಿಯ ಡೊಳ್ಳು ಹೊಟ್ಟೆಯವನ ಪ್ಯಾಂಟು. ಮೇಷ್ಟ್ರು ಅವಸರದಲ್ಲಿ ಅದನ್ನೇ ಏರಿಸಿಕೊಂಡು ಹೋಗಿ, ಒಂದು ಕೈಯಲ್ಲಿ ಸೀಮೆಸುಣ್ಣ, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಪಾಠ ಮುಗಿಸಿದರಂತೆ. ಅಜ್ಜಿ ಇದ್ದಿದ್ದರೆ ನನಗೆ ಬೈದು, ಆಮೇಲೆ ಒಳಗೆ ಹೋಗಿ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದಳು.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಆ ಗುರುತುಗಳೆಲ್ಲ ಗೊತ್ತಿರುವುದು ಈಗ ನಿನಗೊಬ್ಬಳಿಗೇ. ಶಾಲೆ ಬಿಟ್ಟ ಕೂಡಲೇ ಇಸ್ತ್ರಿ ಮೇಜಿನ ಕೆಳಗೆ ತೂರಿಕೊಂಡು ಕೂರುತ್ತಿದ್ದೆ. ಅಜ್ಜಿ ಮೇಲಿನಿಂದ ಅಂಗಿ ಇಳಿಬಿಟ್ಟು, ‘ಇದು ಯಾರ್ದೇ?’ ಅನ್ನುತ್ತಿದ್ದಳು. ನೀನು ಕೆಳಗಿನಿಂದ ಹೆಸರು ಕೂಗುತ್ತಿದ್ದೆ. ತಪ್ಪು ಹೇಳಿದ್ದು ನನಗೆ ನೆನಪಿಲ್ಲ. ನೆನಪಿರುವಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಿದರೆ ನನ್ನ ಮಾನ ಉಳಿಯುತ್ತದೆ.

ನೀನು ನರ್ಸಿಂಗ್ ಓದಲು ಹೊರಟ ದಿನ ನಿನಗೆ ನೆನಪಿದೆಯಾ? ಆರು ಜೊತೆ ಬಿಳಿ ಯೂನಿಫಾರ್ಮು. ನನ್ನನ್ನು ಮುಟ್ಟಲೂ ಬಿಡದೆ ಎಲ್ಲವನ್ನೂ ಅವಳೇ ಇಸ್ತ್ರಿ ಮಾಡಿದಳು. ‘ರೋಗಿ ಕಣ್ಣು ಬಿಟ್ಟ ತಕ್ಷಣ ಕಾಣೋದು ನಮ್ಮ ಹುಡುಗಿ ಬಟ್ಟೆ. ಒಂದು ಸುಕ್ಕೂ ಇರ್ಬಾರ್ದು’ ಅಂದಳು. ಅಷ್ಟು ಹೊತ್ತು ನಿಂತು ಮಂಡಿ ಹಿಡಿದುಕೊಂಡಿತ್ತು, ಕೂರು ಅಂದರೆ ಕೇಳಲಿಲ್ಲ. ಅವಳನ್ನು ನೆನೆದರೆ ನನಗೆ ಮೊದಲು ಬರುವುದು ಆ ದಿನವೇ.

ಈಗ ಅಜ್ಜಿ ಆಸ್ಪತ್ರೆಯಲ್ಲಿದ್ದ ದಿನಗಳ ಮಾತು. ಎಲ್ಲ ಮುಗಿದ ಮೇಲೆ ನೀನು ಬಂದು, ಚಪ್ಪಲಿ ಕೂಡ ಬಿಡದೆ, ‘ಅಜ್ಜಿ ನನ್ನ ಕೇಳಿದ್ಲಾ ಅಪ್ಪ?’ ಅಂದೆ. ನಾನು, ‘ಮಾತೇ ಹೋಗಿತ್ತಮ್ಮ, ಏನು ಕೇಳ್ತಾಳೆ’ ಅಂದೆ. ನೀನು ನನ್ನ ಮುಖವನ್ನೇ ನೋಡಿದೆ. ಅಂದಿನಿಂದ ‘ಹೂಂ’, ‘ಸರಿ’, ‘ಇಡ್ಲಾ’. ಮಾತು ಹೋಗಿದ್ದು ನಿಜ, ಪುಟ್ಟಿ. ಮೊದಲ ದಿನ ಚೆನ್ನಾಗಿಯೇ ಇದ್ದಳು, ‘ಯಾರ್ಯಾರೋ ಮಲಗಿದ ದಿಂಬಿಗೆ ತಲೆ ಇಡಲ್ಲ’ ಅಂತ ಮನೆಯಿಂದ ದಿಂಬಿನ ಕವರು ತರಿಸಿಕೊಂಡಳು. ಮಾರನೆಯ ಬೆಳಿಗ್ಗೆ ಬಲಗೈ, ಮಾತು ಎರಡೂ ಹೋದವು. ಸದಾ ಅವಳ ತುರುಬಿನಲ್ಲಿ ಸಿಕ್ಕಿಸಿರುತ್ತಿದ್ದ ಪೆನ್ನು ನನ್ನ ಜೇಬಿನಲ್ಲಿತ್ತು. ಎಡಗೈಯಲ್ಲಿ ಜೇಬು ತೋರಿಸಿದಳು. ಕೊಟ್ಟೆ. ದಿಂಬಿನ ಕವರಿನ ಅಂಚಿನಲ್ಲಿ ಏನೋ ಒಂದು ಗುರುತು ಗೀಚಿದಳು. ಯಾವುದೋ ಗಿರಾಕಿಯ ಬಟ್ಟೆಯ ಚಿಂತೆ ಅಂತ ನರ್ಸಿಗೆ ಹೇಳಿದೆ. ಅಜ್ಜಿಗೂ, ‘ಎಲ್ಲ ಕೊಟ್ಟು ಕಳಿಸಿದೀನಿ, ಯೋಚನೆ ಮಾಡ್ಬೇಡ’ ಅಂದೆ. ಆ ಗುರುತಿನ ಮೇಲೆ ಎರಡು ಸಲ ಬೆರಳಲ್ಲಿ ಕುಟ್ಟಿದಳು. ಆಮೇಲೆ ಗೋಡೆಯ ಕಡೆ ತಿರುಗಿದಳು. ಇನ್ನೂ ವಾರ ಇರುತ್ತಾರೆ ಅಂತ ಡಾಕ್ಟರು ಹೇಳಿದ್ದರು, ನಿನ್ನ ಕೊನೆಯ ಪರೀಕ್ಷೆ ಬೇರೆ ಇತ್ತು.

ಕರೆಂಟು ಬಂತು, ಇಸ್ತ್ರಿ ಕಾಯುತ್ತಿದೆ. ನಿನ್ನ ಅಮ್ಮ ಕಾಲಿಗೆ ಬಿಸಿನೀರು ಹಾಕಿಕೋ ಅನ್ನುತ್ತಿದ್ದಾಳೆ. ಚೆನ್ನಾಗಿರು, ತಾಯಿ. ಅಜ್ಜಿಯ ಪಾಲಿನ ಆಶೀರ್ವಾದವನ್ನೂ ನಾನೇ ಸೇರಿಸಿ ಕಳಿಸಿದ್ದೇನೆ.

ನಿನ್ನ,
ಅಪ್ಪ

ಮತ್ತೆ: ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದೆ. ಗಿರಾಕಿಯ ಗುರುತು ಅಂತ ಬರೆದದ್ದು ಸುಳ್ಳು. ಅವಳು ಗೀಚಿದ್ದು ಒಂದು ಸುತ್ತು, ಅದರ ಮೇಲೆ ಎರಡು ಜುಟ್ಟು. ನಿನ್ನ ಯೂನಿಫಾರ್ಮಿನ ಕಾಲರು ತಿರುಗಿಸಿ ನೋಡಿಕೋ, ಅಲ್ಲೂ ಅದೇ ಇದೆ. ಕಂಡ ಕೂಡಲೇ ನನಗೆ ತಿಳಿಯಿತು. ಅವಳು ನಿನ್ನನ್ನೇ ಕೇಳಿದ್ದು, ಪುಟ್ಟಿ. ಅದು ಸೋಮವಾರ ಬೆಳಿಗ್ಗೆ, ಅವಳು ಹೋದದ್ದು ಬುಧವಾರ. ಆಗಲೇ ಫೋನು ಮಾಡಿದ್ದರೆ ನೀನು ಬಂದು ಅವಳ ಕೈ ಹಿಡಿಯುತ್ತಿದ್ದೆ. ಮಂಗಳವಾರ ಪರೀಕ್ಷೆ ಅಂತ ಮಾಡಲಿಲ್ಲ. ನೀನು ಬರುವ ಮೊದಲು ಆ ಕವರನ್ನು ಮೂರು ಸಲ ಒಗೆದೆ. ನಲವತ್ತು ವರ್ಷ ಇದೇ ಕೆಲಸ ಮಾಡಿದವನು, ಆ ಶಾಯಿ ಒಗೆದರೆ ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಇದರ ಜೊತೆ ಇಟ್ಟಿದ್ದೇನೆ, ನಿನ್ನದು ನಿನಗೇ ಮುಟ್ಟಲಿ. ಬೈಯುವುದಿದ್ದರೆ ಫೋನು ಮಾಡಿ ಬೈ. ನೀನಾಗಿ ಇಡುವ ತನಕ ನಾನು ಇಡುವುದಿಲ್ಲ.