ನಿನ್ನ ಅಪ್ಪನ ಹಡಗು ಬಂದ ಶುಕ್ರವಾರ

ನಗಿಸಾ,

ಯಾಕೆಂದು ಒಂದು ಮಾತೂ ಹೇಳದೆ ನೀನು ಯುದ್ಧನೌಕೆ ಹುಚ್ಚಿನ ನಮ್ಮ ಆನ್‌ಲೈನ್ ಗುಂಪು ಬಿಟ್ಟು, ನನ್ನನ್ನೂ ಬ್ಲಾಕ್ ಮಾಡಿ ಏಳು ತಿಂಗಳಾಯಿತು. ಇದೂ ನಿನಗೆ ತಲುಪಲ್ಲ.

ಇವತ್ತು ನಿಮ್ಮ ನೌಕಾನೆಲೆಯ ಊರು ಮೈಜುರುಗೆ ಬಂದಿದ್ದೆ. ಪ್ರವಾಸಿಗರ ದೋಣಿ ಹತ್ತದೆ, ನೀನು ಹೇಳಿದ್ದ ಜಾಗಗಳನ್ನೇ ಹುಡುಕಿದೆ. ಇಟ್ಟಿಗೆ ಸುರಂಗಕ್ಕೆ ಬೀಗ. ದೇಗುಲದ ಹಿಂದಿನ ಮೆಟ್ಟಿಲು ಹತ್ತಿ ನೋಡಿದರೆ ನಿನ್ನ ಅಪ್ಪನ ಹಡಗಿನ ಕಟ್ಟೆ ಖಾಲಿ. ಎಂಥಾ ಸಿಟ್ಟು ಬಂತು ಗೊತ್ತಾ!

ಕೊನೆಗೆ ನಾವಿಕರ ಸಮವಸ್ತ್ರ ಹೊಲಿಯುವ ಅಜ್ಜಿಯ ಅಂಗಡಿಗೆ ಹೋದೆ. "ಅಜ್ಜಿ, ಹಡಗು ಯಾವಾಗ ಬರುತ್ತೆ?"

ಆಕೆ ಸೂಜಿ ನಿಲ್ಲಿಸಿದಳು. "ಈ ಊರಲ್ಲಿ ಹೆಂಡ್ತೀರೇ ಅದನ್ನ ಬಾಯಿಬಿಟ್ಟು ಕೇಳಲ್ಲ. ನೀನ್ಯಾವ ದೊಡ್ಡ ಸೇನಾಪತಿ?"

ನಗುತ್ತಾ ನಿನ್ನ ಹೆಸರು ಹೇಳಿದೆ.

"ಹಡಗಿನ ಅಡುಗೆಯವರ ಮಗಳಾ? ಪಾಪ, ಯಾರನ್ನೋ ನಂಬಿ ಹಡಗು ಹೊರಡೋ ದಿನ ಹೇಳಿದ್ಲಂತೆ. ಆ ಪುಣ್ಯಾತ್ಮ ಇಂಟರ್ನೆಟ್ಟಲ್ಲೆಲ್ಲ ಡಂಗುರ ಹೊಡೆದ. ಅವಳಪ್ಪನ್ನ ಹಡಗಿಂದ ಇಳಿಸಿಬಿಟ್ರು. ಊರೇ ಬಿಟ್ಟು ಹೋದ್ರು. ಅವನೇನಾದ್ರೂ ಕೈಗೆ ಸಿಕ್ರೆ ಕಿವಿ ಹಿಂಡ್ತೀನಿ. ತಗೋ ಮರಿ, ಚಹಾ ಕುಡಿ."

ತಲೆ ತಗ್ಗಿಸಿ ಕುಡಿದೆ.

ಸ್ಟೇಷನ್ನಿಗೆ ನಡೆಯುವಾಗ ಅದೇ ಹಡಗು ಕೊಲ್ಲಿಯೊಳಕ್ಕೆ ಬರುವುದು ಕಂಡಿತು. ಫೋಟೋ ತೆಗೆದೆ. "ಕಂಡಿತೇನೋ? ಬೇಗ ಹಾಕೋ!" ಎಂದು ಗುಂಪಿನವರೆಲ್ಲ ಕಾಡುತ್ತಿದ್ದರು. ಇಲ್ಲವೆಂದು ಬರೆದು ಫೋಟೋ ಅಳಿಸಿದೆ. ಏಳು ತಿಂಗಳ ಹಿಂದೆ ಇಷ್ಟೇ ಮಾಡಬೇಕಿತ್ತು.

ಶುಕ್ರವಾರ ಹಡಗಿನಲ್ಲಿ ಎಲ್ಲರಿಗೂ ಅಪ್ಪನ ಕೈಯ ಕರ್ರಿ-ಅನ್ನ ಎಂದು ನೀನು ಜಂಬ ಕೊಚ್ಚುತ್ತಿದ್ದೆ. ಇವತ್ತೂ ಶುಕ್ರವಾರ. ಈಗ ಯಾರು ಮಾಡುತ್ತಾರೆಂದು ಅಜ್ಜಿಯನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ರ್ಯೊಹೇ