ಮರಳು ಬಣ್ಣದ ಥಾನು

ಉದ್ದಣ್ಣ,

ಸೈನ್ಯ ಬಿಟ್ಟ ಮೇಲೆ ನಾನು ಯೂನಿಫಾರ್ಮ್ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದೇನೆ. ಇವತ್ತು ಹಸಿರಿನ ಬದಲು ಮರಳು ಬಣ್ಣದ ಬಟ್ಟೆಯ ಥಾನುಗಳು ಬಂದವು. ನಮ್ಮ ಈ ಪುಟ್ಟ ಬೆಟ್ಟಗಾಡು ದೇಶದಲ್ಲಿ ಮರಳುಗಾಡೆಲ್ಲಿದೆ? ನಾನು ನೋಡಿದ್ದು ನೀನು ಸತ್ತ ಆ ಪರದೇಶದಲ್ಲಿ ಮಾತ್ರ.

"ಯುದ್ಧ ಅಲ್ವಂತೆ ಕಣಯ್ಯಾ, ಶಾಂತಿ ಕಾಪಾಡೋಕಂತೆ" ಎಂದ ಮೇಸ್ತ್ರಿ. ನಮಗೂ ಹಾಗೇ ಹೇಳಿ ಕಂಡವರ ಮನೆ ಬಾಗಿಲು ಮುರಿಸಿದ್ದರಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಈ ಸಲ ಉದ್ದ ಕಾಲಿನವರಿಗೂ ಪ್ಯಾಂಟು ಬೇಕಂತೆ. ನಿನಗೆ ಸಿಗಲೇ ಇಲ್ಲ. ಕೊನೆಯವರೆಗೂ ಕಣಕಾಲು ಕಾಣುತ್ತಿತ್ತು. ಅಲ್ಲಿ ಏನಾಯಿತೆಂದು ನಿನ್ನ ಮಗ ಕೇಳಿದಾಗಲೆಲ್ಲ ಆ ಗಿಡ್ಡ ಪ್ಯಾಂಟಿನ ಕಥೆ ಹೇಳಿ ನಗಿಸುತ್ತಿದ್ದೆ. ಬೇರೇನೂ ಹೇಳಲಿಲ್ಲ.

ಈಗ ಅವನು ನಿನ್ನಷ್ಟೇ ಎತ್ತರ. ಸಂಜೆ ನೋಡಿದರೆ, ಸೈನ್ಯ ಸೇರಿದ ದಿನ ನಮಗೆ ಕತ್ತರಿಸಿದ್ದ ಹಾಗೇ, ಕೂದಲನ್ನು ಬುಡಕ್ಕೆ ಕತ್ತರಿಸಿಕೊಂಡು ಬಂದಿದ್ದ. ಯಾಕೋ ಎಂದೆ. ನನ್ನ ಮುಖ ನೋಡದೆ, ಈ ಚಳಿಯಲ್ಲಿ, "ಸೆಕೆ ಚಿಕ್ಕಪ್ಪಾ" ಅಂದ.