ತಿರುಪತಿಗೆ ಹೋಗದ ಮುಡಿ

ಜುಲೈ 8, 2003, ಮಂಗಳವಾರ

ಇವತ್ತಿನದನ್ನು ಬರೆಯದೆ ಬಿಡುವವಳಿದ್ದೆ. ಬರೆಯಬೇಕಾದದ್ದು ಇಷ್ಟೇ — ಬಾಯಿ ಬಿಡಬೇಕಾದ ಹೊತ್ತಿನಲ್ಲಿ ಚಹಾ ಸೋಸುತ್ತ ನಿಂತೆ.

ಪಕ್ಕದ ಮಸೂತಿ ಊರಿನಿಂದ ಬೆಣ್ಣೆ ತರುವ ಸುಂದರವ್ವ ಬಂದಿದ್ದಳು. ನನ್ನ ತಲೆ ನೋಡಿ ಕಣ್ಣರಳಿಸಿದಳು. ಆರನೇ ಕೀಮೋ ಮುಗಿದು ಐದು ತಿಂಗಳು. ಎರಡು ಇಂಚು ಬಂದಿದೆ. ಮೊದಲು ನೆಟ್ಟಗಿತ್ತು, ಈಗ ಗುಂಗುರು.

“ಅಕ್ಕಾರ, ತಿಮ್ಮಪ್ಪ ಮುಡಿ ತಗೊಂಡು ಎಂಥಾ ಗುಂಗುರು ಕೂದ್ಲ ಕೊಟ್ಟಾನ್ರಿ!”

ಕೂದಲು ಉದುರಿದಾಗ ಅತ್ತೆ ಓಣಿಗೆಲ್ಲ ಹಾಗೇ ಹೇಳಿದ್ದರು — ಸೊಸೆ ತಿರುಪತಿಗೆ ಮುಡಿ ಕೊಟ್ಟು ಬಂದಳು ಅಂತ. ಕ್ಯಾನ್ಸರ್ ಎಂದರೆ ನನ್ನ ಮಗಳು ವಿಜಯಶ್ರೀಗೆ ಗಂಡು ಸಿಗುವುದಿಲ್ಲವೆಂಬ ಭಯ. ನಾನೂ ತಲೆಯಾಡಿಸಿದ್ದೆ.

ಸುಂದರವ್ವ ದನಿ ತಗ್ಗಿಸಿದಳು. “ನನಗೂ ಎದಿಯಾಗ ಒಂದ ಗಂಟ ಐತ್ರಿ. ನೋವಿಲ್ಲ, ಏನಿಲ್ಲ. ದೀಪಾವಳಿ ಆದಮ್ಯಾಲ ನಾನೂ ಮುಡಿ ಕೊಟ್ಟ ಬರ್ತೇನ್ರಿ.”

“ಹೋಗಿ ಬಾ, ಚಲೋ ಆಗ್ತೈತಿ,” ಅಂದರು ಅತ್ತೆ.

ನನ್ನ ಗಂಟೂ ನೋಯುತ್ತಿರಲಿಲ್ಲ.

ಜುಲೈ 9, ಬೆಳಿಗ್ಗೆ 6

ಸುಳ್ಳು ಅತ್ತೆಯದು ಎಂದು ಎಷ್ಟು ದಿನ ಅಂದುಕೊಳ್ಳಲಿ? ಸ್ಟಾಫ್ ರೂಮಿನಲ್ಲಿ ಕೇಳಿದವರಿಗೆ “ದರ್ಶನ ಚಲೋ ಆತ್ರಿ” ಅಂದವಳು ನಾನೇ. ಲಾಡು ಎಲ್ಲಿ ಎಂದದ್ದಕ್ಕೆ ಮುಗಿದವು ಅಂದೆ!

ದೀಪಾವಳಿಗೆ ಇನ್ನೂ ಮೂರೂವರೆ ತಿಂಗಳು...

ಜುಲೈ 12, ಶನಿವಾರ

ಶಾಲೆಯಿಂದ ಬಂದವಳೇ ಅತ್ತೆಗೆ ಹೇಳಿದೆ. ಸುಂದರವ್ವನಿಗೆ ಖರೆ ತಿಳಿಸುತ್ತೇನೆ ಅಂತ.

“ಹುಚ್ಚ ಹಿಡೀತೇನ, ಭುವನಾ? ಇಂಡಿ ಊರಾವ್ರು ಹುಡುಗೀನ ನೋಡಾಕ ಹದಿನೈದ ದಿನದಾಗ ಬರಾವ್ರದಾರ. ಅಲ್ಲೀತನಕ ಬಾಯಿ ಮುಚ್ಚು.”

“ಗಂಟ ಕಾಯೂದಿಲ್ರಿ, ಅತ್ತೀ.”

ವಿಜಯಶ್ರೀ ಪುಸ್ತಕದಿಂದ ತಲೆಯೆತ್ತದೆ ಅಜ್ಜಿಗೆ ಅಂದಳು, “ಆಯೀ, ಖರೆ ಕೇಳಿ ಓಡಾವ್ರು ಈಗ ಓಡ್ಲಿ. ಲಗ್ನಾದಮ್ಯಾಲ ಓಡಿದ್ರ ಅವ್ರ ಹಿಂದ ನೀ ಓಡ್ತಿ ಏನ?”

ಅತ್ತೆ ನಗಲಿಲ್ಲ. ಊಟಕ್ಕೂ ಬರಲಿಲ್ಲ.

ಜುಲೈ 13, ರವಿವಾರ

ಸುಂದರವ್ವನಿಗೆ ಓದು ಬಾರದು. ಅವಳ ಮಗಳು ಸುನೀತಾ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಹೆಸರಿಗೇ ಬರೆದೆ. ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿ ಹರಿದು ಹಾಕಿದೆ. ಇಂಗ್ಲಿಷಿನಲ್ಲಿ ನನಗೆ ಅಡಗಿಕೊಳ್ಳುವುದು ಸುಲಭ.

ಕನ್ನಡದಲ್ಲಿ — ನಾನು ತಿರುಪತಿಗೆ ಹೋಗಲೇ ಇಲ್ಲ. ಆಪರೇಷನ್ನಿಗೆ, ಆಮೇಲೆ ಆರು ಸಲ ಕೀಮೋಗೆ ಸೊಲ್ಲಾಪುರಕ್ಕೆ ಹೋದೆ. ಒಂದು ಮೊಲೆ ತೆಗೆದರು. ಕೂದಲು ಔಷಧಕ್ಕೆ ಉದುರಿತು, ಔಷಧ ನಿಂತಮೇಲೆ ಬಂತು. ನಿಮ್ಮವ್ವನ ಗಂಟು ಎಂಥದೋ ನನಗೆ ಗೊತ್ತಿಲ್ಲ, ತೋರಿಸದೆ ಯಾರಿಗೂ ಗೊತ್ತಾಗದು. ಶುಕ್ರವಾರ, 18ಕ್ಕೆ ಸೊಲ್ಲಾಪುರದಲ್ಲಿ ನನ್ನ ಚೆಕಪ್. ಬೆಳಿಗ್ಗೆ ಏಳಕ್ಕೆ ಅವಳನ್ನು ಬಾಗೇವಾಡಿ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಬಾ. ಬರದಿದ್ದರೆ ನಾನೇ ಮಸೂತಿಗೆ ಬರುತ್ತೇನೆ.

ಲಕೋಟೆ ಅಂಟಿಸಿದೆ. ಅತ್ತೆ ನೋಡಿದರು.

ಟಪಾಲಿಗೆ ಹಾಕುವುದು — ನಾಳೆ, ಸೋಮವಾರ, ಜುಲೈ 14.